ರಾಬರ್ಟ್ ಗತ್ರಿ

ಹುಟ್ಟುವಾಗ ಸರ್ವ ರೀತಿಯಲ್ಲೂ ಆರೋಗ್ಯವಾಗಿ ಕಾಣುವ ಶಿಶು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದರ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತ ಹೋಗುತ್ತದೆ. ತಾಯಿಯ ಹಾಲೇ ಅದರ ಪಾಲಿಗೆ ವಿಷವಾಗಿರುತ್ತದೆ. ಹಾಲು, ಬೇಳೆ, ಮಾಂಸ ಮುಂತಾದ ಆಹಾರಗಳಲ್ಲೆಲ್ಲ ಫಿನೈಲಲನೀನ್ ಎಂಬ ಅಮೈನೋ ಆಮ್ಲವಿದೆ. ಅದನ್ನು ಪರಿವರ್ತಿಸುವ ಕಿಣ್ವ ಯಕೃತ್ತಿನಲ್ಲಿ ಇಲ್ಲದಿದ್ದರೆ ಆಮ್ಲವು ರಕ್ತದಲ್ಲಿ ಸಂಗ್ರಹವಾಗಿ ಮಿದುಳನ್ನು ಹಾಳುಮಾಡುತ್ತದೆ. ಫಿನೈಲ್‌ಕೀಟೋನೂರಿಯ ಎಂಬ ಈ ಆನುವಂಶಿಕ ದೋಷವನ್ನು 1934ರಲ್ಲಿ ನಾರ್ವೆ ದೇಶದ ವೈದ್ಯ ಫೋಲಿಂಗ್ ಗುರುತಿಸಿದರು. ಫಿನೈಲಲನೀನ್ ಅತ್ಯಲ್ಪವಾಗಿರುವ ಆಹಾರದಿಂದ ರೋಗವನ್ನು ಹತೋಟಿಯಲ್ಲಿಡಬಹುದೆಂದು 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಿಕೆಲ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಆದರೆ ಅಷ್ಟು ಹೊತ್ತಿಗೆ ಮಿದುಳಿಗಾದ ಹಾನಿಯನ್ನು ಸರಿಪಡಿಸಲು ಯಾವ ಪಥ್ಯದಿಂದಲೂ ಸಾಧ್ಯವಿರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ರೋಗವನ್ನು ಕಂಡುಹಿಡಿಯಬೇಕಾಗಿತ್ತು. ಅಂಥ ಪರೀಕ್ಷೆಯನ್ನು ಜಗತ್ತಿಗೆ ನೀಡಿದವರು ಅಮೆರಿಕದ ರಾಬರ್ಟ್ ಗತ್ರಿ.

ಗತ್ರಿಯವರು 1916ನೆಯ ಜೂನ್ 28ರಂದು ಮಿಸ್ಸೌರಿ ರಾಜ್ಯದ ಮೇರಿಯನ್‌ವಿಲ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯಕೀಯ ಪದವಿಯನ್ನೂ ಡಾಕ್ಟರೇಟ್ ಪದವಿಯನ್ನೂ ಪಡೆದರು. ಮುಂದೆ ನ್ಯೂಯಾರ್ಕ್ ರಾಜ್ಯದ ಬಫೆಲೊ ನಗರದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಬ್ಯಾಕ್ಟೀರಿಯಗಳನ್ನು ಬಳಸಿ ಸಂಶೋಧನೆ ನಡೆಸುತ್ತಿದ್ದರು. ಅವರ ಆರು ಮಂದಿ ಮಕ್ಕಳಲ್ಲಿ ಒಬ್ಬ ಮಗ ಬುದ್ಧಿಮಾಂದ್ಯನಾಗಿದ್ದನು. ಅದಕ್ಕೆ ಕಾರಣವೇನೆಂದು ಯಾರಿಗೂ ತಿಳಿಯಲಿಲ್ಲ. ಅಂಥ ಮಕ್ಕಳ ತಂದೆತಾಯಿಗಳ ಸಂಘದಲ್ಲಿ ಗತ್ರಿ ದಂಪತಿಗಳು ದುಡಿಯತೊಡಗಿದರು. ಆ ಸಂಘದ ಮೂಲಕವೇ ಬಫೆಲೊ ಮಕ್ಕಳ ಆಸ್ಪತ್ರೆಯ ವೈದ್ಯ ವಾರ್ನರ್ ಅವರ ಪರಿಚಯವಾಯಿತು. ಪಥ್ಯದಲ್ಲಿರುವ ಮಕ್ಕಳ ರಕ್ತದಲ್ಲಿ ಫಿನೈಲಲನೀನ್ ಎಷ್ಟಿದೆಯೆಂದು ಸುಲಭವಾಗಿ ಅಳೆಯುವ ವಿಧಾನ ಬೇಕೆಂದು ವಾರ್ನರ್ ಕೇಳಿಕೊಂಡರು. ಇದೇ ಸಮಯದಲ್ಲಿ, 1958ರಲ್ಲಿ, ಗತ್ರಿಯವರ ಪತ್ನಿಯ ಸೋದರಿಯ ಮಗಳಿಗೆ ಇದೇ ರೋಗವಿರುವುದು ಪತ್ತೆಯಾಯಿತು. ಮಗುವಿಗೆ ಆಗಲೇ ಒಂದು ವರ್ಷ ದಾಟಿತ್ತು; ಆಗಬೇಕಾದ ಹಾನಿ ಆಗಿಹೋಗಿತ್ತು.

ಆಗ ರೂಢಿಯಲ್ಲಿದ್ದುದು ಮೂತ್ರಪರೀಕ್ಷೆ. ಅದು ಮಗುವಿಗೆ ಹಲವು ವಾರಗಳಾದ ಮೇಲಲ್ಲದೆ ನಂಬಲರ್ಹವಾದ ಫಲಿತಾಂಶ ಕೊಡುತ್ತಿರಲಿಲ್ಲ. ಗತ್ರಿಯವರು ರಕ್ತದ ಕಡೆಗೆ ತಿರುಗಿದರು. ಅವರ ವಿಧಾನ ಸರಳವಾಗಿತ್ತು. ಒಂದು ಬಗೆಯ ನಿರುಪದ್ರವಿ ಬ್ಯಾಕ್ಟೀರಿಯಗಳನ್ನು ಅಗರ್ ತಟ್ಟೆಯಲ್ಲಿ ಹರಡಿ, ಅವು ಬೆಳೆಯದಂತೆ ತಡೆಯುವ ರಾಸಾಯನಿಕವೊಂದನ್ನು ಅದಕ್ಕೆ ಸೇರಿಸಿದರು. ಫಿನೈಲಲನೀನ್ ಅಧಿಕವಾಗಿ ದೊರೆತರೆ ಮಾತ್ರ ಆ ತಡೆ ಮುರಿದು ಅವು ಬೆಳೆಯುತ್ತವೆ. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ಬಂದ ಒಂದೆರಡು ಹನಿ ರಕ್ತವನ್ನು ಸೋಸುಕಾಗದಕ್ಕೆ ಹೀರಿಸಿ ಒಣಗಿಸಬೇಕು. ಆ ಕಾಗದದಿಂದ ಕತ್ತರಿಸಿದ ಪುಟ್ಟ ಬಿಲ್ಲೆಯನ್ನು ತಟ್ಟೆಯಲ್ಲಿಡಬೇಕು. ರಾತ್ರಿ ಕಳೆಯುವಷ್ಟರಲ್ಲಿ ರೋಗವಿರುವ ಶಿಶುವಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಗಳ ಪರಿವೇಷವೊಂದು ಮೂಡಿರುತ್ತದೆ. ಒಂದೇ ತಟ್ಟೆಯಲ್ಲಿ ಅನೇಕ ಶಿಶುಗಳ ಪರೀಕ್ಷೆ ನಡೆಯುತ್ತಿತ್ತು. ಒಣಗಿದ ರಕ್ತದ ಕಾಗದವನ್ನು ಲಕೋಟೆಯಲ್ಲಿಟ್ಟು ದೂರದೂರಿನಿಂದಲೂ ಅಂಚೆಯ ಮೂಲಕ ಕಳುಹಿಸಬಹುದಾಗಿತ್ತು. ಪರೀಕ್ಷೆಯ ಜಾಣ್ಮೆಯೆಲ್ಲ ತಟ್ಟೆಯಲ್ಲಿದೆಯೆಂದು ತೋರಿದರೂ ಹಳ್ಳಿಯ ಶಿಶುವನ್ನು ನಗರದ ಪ್ರಯೋಗಾಲಯಕ್ಕೆ ತಲುಪಿಸಿದ್ದು ಈ ಕಾಗದವೇ.

1962ರಲ್ಲಿ ವಿಸ್ತಾರವಾದ ಪ್ರಯೋಗ ಆರಂಭವಾಯಿತು. 29 ರಾಜ್ಯಗಳಲ್ಲಿ ಸುಮಾರು 4 ಲಕ್ಷ ಶಿಶುಗಳನ್ನು ಪರೀಕ್ಷಿಸಲಾಗಿ 39 ಶಿಶುಗಳಲ್ಲಿ ರೋಗ ಪತ್ತೆಯಾಯಿತು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ನವಜಾತ ಶಿಶುಗಳ ಪರೀಕ್ಷೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು.

ಗತ್ರಿಯವರ ಬಾಳಿನ ಕಠಿಣ ಪ್ರಸಂಗ ಎದುರಾದದ್ದು ಪ್ರಯೋಗಾಲಯದ ಹೊರಗೆ. ಪರೀಕ್ಷೆಯ ಸಾಮಗ್ರಿಯನ್ನು ಲಕ್ಷಗಟ್ಟಲೆ ಶಿಶುಗಳಿಗಾಗುವಷ್ಟು ತಯಾರಿಸಿ ಹಂಚುವುದು ಒಬ್ಬ ವಿಜ್ಞಾನಿಯಿಂದ ಆಗುವ ಕೆಲಸವಲ್ಲ. ಆದ್ದರಿಂದ 1962ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿ, ಒಂದು ಔಷಧ ಕಂಪನಿಗೆ ತಯಾರಿಕೆಯ ಸಂಪೂರ್ಣ ಹಕ್ಕನ್ನು ಒಪ್ಪಿಸಿದರು. ತಮಗಾಗಿ ಒಂದು ಡಾಲರನ್ನೂ ಬಯಸಲಿಲ್ಲ. ಬರುವ ಗೌರವಧನವೆಲ್ಲ ಮಕ್ಕಳ ಹಿತಕ್ಕಾಗಿ ದುಡಿಯುವ ಸಂಸ್ಥೆಗಳಿಗೂ ಸಂಶೋಧನೆಗೂ ಸೇರತಕ್ಕದ್ದೆಂದು ಗೊತ್ತುಮಾಡಿದರು. ಮರುವರ್ಷವೇ ಅವರಿಗೆ ಆಘಾತ ಕಾದಿತ್ತು. 500 ಶಿಶುಗಳ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಅವರು ಸುಮಾರು 6 ಡಾಲರು ವೆಚ್ಚದಲ್ಲಿ ಸಿದ್ಧಪಡಿಸುತ್ತಿದ್ದರು. ಕಂಪನಿ ಅದಕ್ಕೆ ಗೊತ್ತುಮಾಡಿದ ಬೆಲೆ 262 ಡಾಲರು! ಸದ್ದುದ್ದೇಶದಿಂದ ಹಾಕಿದ ಸಹಿ ಬಡ ಶಿಶುವಿನ ತೊಟ್ಟಿಲಿಗೂ ಪರೀಕ್ಷೆಗೂ ನಡುವೆ ಗೋಡೆಯಾಗುವುದರಲ್ಲಿತ್ತು. ಒಪ್ಪಂದವಾಗಿಹೋಯಿತೆಂದು ಗತ್ರಿಯವರು ಸುಮ್ಮನಿರಲಿಲ್ಲ, ಸರ್ಕಾರದ ಮೊರೆಹೊಕ್ಕರು. ಅವರ ಸಂಶೋಧನೆಗೆ ಸಾರ್ವಜನಿಕರ ಹಣ ವ್ಯಯವಾಗಿತ್ತು. ಆ ಕಾರಣದಿಂದ ಕಂಪನಿಗೆ ಏಕಸ್ವಾಮ್ಯ ಸಲ್ಲದೆಂದು ಸರ್ಕಾರ ತೀರ್ಮಾನಿಸಿತು. ಪರೀಕ್ಷೆಯ ಸಾಮಗ್ರಿಯನ್ನು ತಯಾರಿಸುವ ದಾರಿ ಎಲ್ಲರಿಗೂ ತೆರೆಯಿತು.

ಈ ವಿವಾದ ಗತ್ರಿಯವರೊಂದಿಗೆ ಮುಗಿಯಲಿಲ್ಲ. ಆನುವಂಶಿಕ ರೋಗಗಳಿಗೆ ಕಾರಣವಾದ ಜೀನ್‌ಗಳು ಒಂದೊಂದಾಗಿ ಪತ್ತೆಯಾದಂತೆ ಅವುಗಳ ಮೇಲೆಯೇ ಪೇಟೆಂಟ್ ಪಡೆಯುವ ಪದ್ಧತಿ ಬೆಳೆಯಿತು. ಕ್ಯಾನವನ್ ಎಂಬ ಮಾರಕ ರೋಗದ ಜೀನ್‌ಗೆ 1997ರಲ್ಲಿ ಪೇಟೆಂಟ್ ದೊರೆತಾಗ, ಸಂಶೋಧನೆಗೆಂದು ತಮ್ಮ ಮಕ್ಕಳ ರಕ್ತವನ್ನೂ ಅಂಗಾಂಶವನ್ನೂ ಕೊಟ್ಟಿದ್ದ ತಂದೆತಾಯಿಗಳೇ ಪರೀಕ್ಷೆಗೆ ಶುಲ್ಕ ಬೀಳುವುದನ್ನು ಕಂಡು 2000ದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಮಾನವದೇಹದಲ್ಲಿ ಸಹಜವಾಗಿರುವ ಜೀನ್‌ಗೆ, ಅದನ್ನು ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟ್ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2013ರಲ್ಲಿ, ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಜೀನ್‌ಗಳ ಮೊಕದ್ದಮೆಯಲ್ಲಿ. ಆ ವೇಳೆಗೆ ಗತ್ರಿಯವರು ತೀರಿಕೊಂಡು ಹದಿನೆಂಟು ವರ್ಷಗಳಾಗಿದ್ದವು.

ಅವರು ಉಳಿದ ಆಯುಷ್ಯವನ್ನೆಲ್ಲ ಮಕ್ಕಳ ಮಿದುಳಿನ ರಕ್ಷಣೆಗಾಗಿಯೇ ಮೀಸಲಿಟ್ಟರು. ದೇಶದೇಶಗಳನ್ನು ಸುತ್ತಿ ತಮ್ಮ ವಿಧಾನವನ್ನು ಕಲಿಸಿಕೊಟ್ಟರು. ಸೀಸದ ವಿಷದಿಂದ ಮಕ್ಕಳಿಗಾಗುವ ಹಾನಿಯ ವಿರುದ್ಧವೂ ದನಿಯೆತ್ತಿದರು. ನವಜಾತರ ರಕ್ತಪರೀಕ್ಷೆ ನಮ್ಮ ನಾಡಿಗೂ ಬಂದಿತು. 1980ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಜನಿಸಿದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಅಮೈನೋ ಆಮ್ಲಗಳಿಗೆ ಸಂಬಂಧಿಸಿದ ಆನುವಂಶಿಕ ದೋಷಗಳಿಗಾಗಿ ಪರೀಕ್ಷಿಸಲಾಯಿತು.

1995ನೆಯ ಜೂನ್ 24ರಂದು, ಎಪ್ಪತ್ತೊಂಬತ್ತು ತುಂಬಲು ನಾಲ್ಕು ದಿನಗಳಿರುವಾಗ, ಗತ್ರಿಯವರು ಸಿಯಾಟಲ್ ನಗರದಲ್ಲಿ ನಿಧನರಾದರು. ಇಂದು ಹಲವು ದೇಶಗಳಲ್ಲಿ ಬ್ಯಾಕ್ಟೀರಿಯಗಳ ತಟ್ಟೆಯ ಸ್ಥಾನವನ್ನು ಯಂತ್ರಗಳು ಆಕ್ರಮಿಸಿವೆ. ಅವು ಹತ್ತಾರು ರೋಗಗಳನ್ನು ಒಮ್ಮೆಗೇ ಹುಡುಕುತ್ತವೆ. ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತವನ್ನು ಮಾತ್ರ ಈಗಲೂ ಸೋಸುಕಾಗದಕ್ಕೇ ಹೀರಿಸುತ್ತಾರೆ. ಆ ಕಾಗದಕ್ಕೆ ಗತ್ರಿ ಕಾರ್ಡ್ ಎಂದೇ ಹೆಸರು.