ನ್ಯೂಟನ್ ತಲೆಗೆ ಸೇಬು ಬಿತ್ತೇ? ಗುರುತ್ವಕ್ಕೆ ಕಾರಣ ಅವರಿಗೆ ಗೊತ್ತಿತ್ತೇ?

ಮರದ ಕೆಳಗೆ ಕೂತಿದ್ದ ಐಸಾಕ್ ನ್ಯೂಟನ್ ತಲೆಗೆ ಸೇಬು ಬಿತ್ತು, ತಕ್ಷಣ ಗುರುತ್ವಾಕರ್ಷಣೆ ಪತ್ತೆಯಾಯಿತು. ವಾಟ್ಸಾಪ್‌ನಲ್ಲಿ ಸುತ್ತುವ ಈ ಕಥೆಯಲ್ಲಿ ಸ್ವಲ್ಪ ನಿಜ ಇದೆ, ಉಳಿದದ್ದು ಒಗ್ಗರಣೆ.

ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ವೂಲ್ಸ್‌ಥೋರ್ಪ್ ಹಳ್ಳಿಯಲ್ಲಿ, ಅಲ್ಲಿನ ಅಂದಿನ ಕ್ಯಾಲೆಂಡರ್ ಪ್ರಕಾರ 1642ರ ಡಿಸೆಂಬರ್ 25ರಂದು. ಅಷ್ಟರಲ್ಲಾಗಲೇ ತಂದೆ ತೀರಿಕೊಂಡಿದ್ದರು. ಮೂರು ವರ್ಷವಾದಾಗ ತಾಯಿ ಮರುಮದುವೆಯಾದರು, ಮಗು ಅಜ್ಜಿಯ ಬಳಿ ಉಳಿಯಿತು. 1661ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿದರು. 1665ರಲ್ಲಿ ಪ್ಲೇಗ್‌ನಿಂದ ವಿಶ್ವವಿದ್ಯಾಲಯ ಮುಚ್ಚಿದಾಗ ಊರಿಗೆ ಮರಳಿದರು.

ಸೇಬು ಬೀಳುವುದನ್ನು ಕಂಡು ಯೋಚನೆ ಶುರುವಾದದ್ದನ್ನು ಮುಪ್ಪಿನಲ್ಲಿ ನ್ಯೂಟನ್ನರೇ ಗೆಳೆಯ ವಿಲಿಯಂ ಸ್ಟೂಕ್ಲಿಗೆ ತಿಳಿಸಿದ್ದರು. ಆದರೆ ಅದು ತಲೆಗೆ ಬಿದ್ದ ಮಾತು ಅಲ್ಲಿಲ್ಲ.

ವಸ್ತುಗಳು ಕೆಳಗೆ ಬೀಳುವುದು ಎಲ್ಲರಿಗೂ ಗೊತ್ತಿತ್ತು. ನ್ಯೂಟನ್ ಕೇಳಿಕೊಂಡದ್ದು ಬೇರೆ ಪ್ರಶ್ನೆ: ಸೇಬನ್ನು ಎಳೆಯುವ ಬಲವೇ ಚಂದ್ರನನ್ನೂ ಎಳೆಯುತ್ತಿದೆಯೇ? ಲೆಕ್ಕ ನೋಡಿ. ಭೂಮಿಯ ಕೇಂದ್ರದಿಂದ ಸೇಬು ಇರುವುದಕ್ಕಿಂತ ಚಂದ್ರ ಸುಮಾರು 60 ಪಟ್ಟು ದೂರದಲ್ಲಿದೆ. ಹಾಗಾಗಿ ಸೆಳೆತ 60×60, ಅಂದರೆ 3,600 ಪಟ್ಟು ಕಡಿಮೆ. ಸೇಬು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಚಂದ್ರ ಒಂದು ಸೆಕೆಂಡಿನಲ್ಲಿ ನೇರ ದಾರಿ ಬಿಟ್ಟು ಭೂಮಿಯತ್ತ ಸುಮಾರು 1.4 ಮಿಲಿಮೀಟರ್ ಬೀಳುತ್ತದೆ. ಲೆಕ್ಕ ಸರಿಹೊಂದುತ್ತದೆ! ಬೀಳುತ್ತಲೇ ಪಕ್ಕಕ್ಕೂ ಓಡುವುದರಿಂದ ಚಂದ್ರ ನಮ್ಮ ಮೇಲೆ ಬಂದು ಬೀಳುವುದಿಲ್ಲ.

ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. 1684ರಲ್ಲಿ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಬಂದು ಗ್ರಹಗಳ ದಾರಿಯ ಬಗ್ಗೆ ಕೇಳಿದ ಮೇಲೆ ನ್ಯೂಟನ್ ಬರೆಯಲು ಕೂತರು. 1687ರಲ್ಲಿ 'ಪ್ರಿನ್ಸಿಪಿಯಾ' ಹೊರಬಂತು. ಅಚ್ಚಿನ ಖರ್ಚು ಹ್ಯಾಲಿಯದ್ದು. ಭೂಮಿ ತಿರುಗುವುದರಿಂದಲೇ ಗುರುತ್ವ ಹುಟ್ಟುತ್ತದೆ ಎಂಬ ಇನ್ನೊಂದು ಫಾರ್ವರ್ಡ್‌ಗೂ ಆ ಪುಸ್ತಕದಲ್ಲೇ ಉತ್ತರವಿದೆ. ತಿರುಗುವಿಕೆಯಿಂದ ಸಮಭಾಜಕ ವೃತ್ತದ ಬಳಿ ನಮ್ಮ ತೂಕ ತುಸು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಆದರೆ ನಡುವೆ ಏನೂ ಇಲ್ಲದೆ ಸೂರ್ಯ ಭೂಮಿಯನ್ನು ಎಳೆಯುವುದಾದರೂ ಹೇಗೆ? ಲೈಬ್ನಿಟ್ಸ್‌ರಂಥ ಘಟಾನುಘಟಿಗಳು ಇದನ್ನೇ ಹಿಡಿದು ಟೀಕಿಸಿದರು. ಏನಾದರೊಂದು ಉತ್ತರ ಹೆಣೆಯುವುದು ನ್ಯೂಟನ್‌ಗೆ ಕಷ್ಟವಿರಲಿಲ್ಲ. ಆದರೂ 1713ರ ಎರಡನೇ ಆವೃತ್ತಿಯಲ್ಲಿ, ಗುರುತ್ವದ ಕಾರಣ ತಮಗೆ ಸಿಕ್ಕಿಲ್ಲವೆಂದು ಒಪ್ಪಿಕೊಂಡರು. ಊಹೆಯನ್ನು ಸತ್ಯವೆಂದು ಸೇರಿಸಲು ನಿರಾಕರಿಸಿದರು. 1727ರಲ್ಲಿ ಅವರು ತೀರಿಕೊಂಡಾಗಲೂ ಆ ಪ್ರಶ್ನೆ ಹಾಗೇ ಉಳಿದಿತ್ತು.

ಉತ್ತರ ಬಂದದ್ದು 1915ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್‌ರಿಂದ. ಅವರ ಪ್ರಕಾರ ಗುರುತ್ವ ಎಂದರೆ ಎಳೆತವಲ್ಲ. ವಸ್ತು ಮತ್ತು ಶಕ್ತಿ ತಮ್ಮ ಸುತ್ತಲಿನ ದೇಶಕಾಲವನ್ನು ಬಾಗಿಸುತ್ತವೆ, ಆ ಬಾಗಿನಲ್ಲಿ ಆದಷ್ಟು ನೇರ ದಾರಿ ಹಿಡಿದು ಸೇಬೂ ಚಂದ್ರನೂ ಸಾಗುತ್ತವೆ. 1919ರ ಸೂರ್ಯಗ್ರಹಣದಲ್ಲಿ ಸೂರ್ಯನ ಪಕ್ಕ ಹಾದುಬಂದ ನಕ್ಷತ್ರಗಳ ಬೆಳಕು ಬಾಗಿದ್ದನ್ನು ವಿಜ್ಞಾನಿಗಳು ಅಳೆದರು.

ಉಪಗ್ರಹಗಳ ದಾರಿ ಲೆಕ್ಕಹಾಕಲು ಇಂದಿಗೂ ನ್ಯೂಟನ್ ಸೂತ್ರವೇ ಆಧಾರ. ಸೇಬಿನ ಕಥೆ ಫಾರ್ವರ್ಡ್ ಮಾಡುವುದಾದರೆ ಇದನ್ನೂ ಸೇರಿಸಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದಿಟ್ಟದ್ದರಿಂದ, ಆ ಪ್ರಶ್ನೆ ಮುಂದಿನವರಿಗಾಗಿ ಉಳಿಯಿತು.