ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಮೈಸೂರು ವಾಣಿಜ್ಯ ಮಂಡಳಿ

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿ ಸೇವೆ ಸಲ್ಲಿಸಿದರು. ಸರ್ಕಾರದ ಪ್ರಯತ್ನವೊಂದರಿಂದಲೇ ನಾಡಿನ ಬಡತನ ನೀಗದು, ಪ್ರಜೆಗಳೂ ಉದ್ಯಮಶೀಲರಾಗಬೇಕೆಂಬುದು ಅವರ ದೃಢ ನಂಬಿಕೆಯಾಗಿತ್ತು. ಉದ್ಯಮಗಳಿಗೆ ಬಂಡವಾಳ ಒದಗಿಸುವ ಸಲುವಾಗಿ 1913ರಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಗೆ ಕಾರಣರಾದರು. ಬಂಡವಾಳದಷ್ಟೇ ಸಂಘಟನೆಯೂ ಅಗತ್ಯವೆಂದರಿತು 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿಯನ್ನು ಹುಟ್ಟುಹಾಕಿದರು. ವರ್ತಕರು ಹಾಗೂ ಉದ್ಯಮಿಗಳು ತಮ್ಮ ಕುಂದುಕೊರತೆಗಳನ್ನು ಒಗ್ಗೂಡಿ ಸರ್ಕಾರದ ಮುಂದಿಡಲು ಇದರಿಂದ ವೇದಿಕೆಯೊಂದು ದೊರೆಯಿತು. ಆಡಳಿತದ ಚುಕ್ಕಾಣಿ ಹಿಡಿದವರೇ ಆಡಳಿತಕ್ಕೆ ಅಹವಾಲು ಸಲ್ಲಿಸುವ ಸಂಸ್ಥೆಯನ್ನು ಕಟ್ಟಿದ್ದು ಗಮನಾರ್ಹ ಸಂಗತಿ. 1955ರಲ್ಲಿ ಭಾರತರತ್ನ ಪುರಸ್ಕೃತರಾದ ಅವರು 1962ರಲ್ಲಿ ನಿಧನರಾದರು. ಆ ಮಂಡಳಿಯು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿ ಬೆಳೆದು 2016ರಲ್ಲಿ ನೂರು ವರ್ಷಗಳನ್ನು ಪೂರೈಸಿತು.