ರಾಗಿ ಲಕ್ಷ್ಮಣಯ್ಯನವರು

ಬೇಸಗೆ ಬಂದೊಡನೆ ಹೈದರಾಬಾದಿನ ಬೀದಿಗಳಲ್ಲಿ ತಳ್ಳುಗಾಡಿಯವರು ರಾಗಿ ಜಾವ ಮಾರುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಮೈಸೂರು ಸೀಮೆಯಲ್ಲಿ ಇದೇ ಧಾನ್ಯವು ಮುದ್ದೆಯಾಗಿ ದುಡಿಯುವವರ ಹೊಟ್ಟೆ ತುಂಬಿಸುತ್ತ ಬಂದಿದೆ. ಆ ಕಡೆಯಿಂದ ಅನ್ನವನ್ನರಸಿ ಈ ನಗರಕ್ಕೆ ಬಂದ ನಮಗೆ, ರಾಗಿಯೆಂದೊಡನೆ ನೆನಪಾಗುವ ಮಹನೀಯರು ಸಿ. ಎಚ್. ಲಕ್ಷ್ಮಣಯ್ಯನವರು.

ಅವರು ಹುಟ್ಟಿದ್ದು 1921ರಲ್ಲಿ. ಮಂಡ್ಯದ ವಿ. ಸಿ. ಫಾರಂ ಅವರ ಕರ್ಮಭೂಮಿ. ರಾಗಿಯು ಆಗ ಬಡವರ ಬೆಳೆ, ಮಳೆಯನ್ನೇ ನಂಬಿದ್ದು, ಇಳುವರಿಯೂ ಅಲ್ಪ. ಒಳ್ಳೆಯ ತೆನೆಗಳನ್ನೇ ಆರಿಸಿ ಬಿತ್ತಿದರೆ ಬೆಳೆ ಅಷ್ಟಿಷ್ಟು ಸುಧಾರಿಸುವುದುಂಟು. ಆದರೆ ಆ ದಾರಿ ಸ್ವಲ್ಪ ದೂರದಲ್ಲಿಯೇ ನಿಂತುಬಿಡುತ್ತದೆ. ಇದರ ಕಾರಣವನ್ನು ಅರಿಯದೆ ಅವರ ಸಾಧನೆಯನ್ನು ಅರಿಯಲಾಗದು.

ರಾಗಿಯ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ಅಂದರೆ 18 ಜೋಡಿ. ಪ್ರತಿ ಜೋಡಿಯಲ್ಲಿಯೂ ಒಂದು ತಾಯಿಯದು, ಒಂದು ತಂದೆಯದು. ಪರಾಗವೂ ಅಂಡವೂ ರೂಪುಗೊಳ್ಳುವಾಗ ನಡೆಯುವ ವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಅದರ ಮೊದಲ ಹಂತದಲ್ಲಿ ಜೋಡಿಗಳು ಮೈಗೆ ಮೈ ತಾಗಿಸಿ ನಿಂತು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಕೋಶದ ನಡುವೆ ಸಾಲುಗಟ್ಟಿ, ಜೋಡಿಯ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಸರಿಯುತ್ತವೆ. ಯಾವುದು ಯಾವ ಕಡೆಗೆಂಬುದು ಕೇವಲ ಆಕಸ್ಮಿಕ. ಅದಲುಬದಲನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 18 ಜೋಡಿಗಳು 2,62,144 ಬಗೆಗಳಲ್ಲಿ ಹಂಚಿಕೆಯಾಗಬಲ್ಲವು! ಎರಡನೆಯ ವಿಭಜನೆಯಲ್ಲಿ ಪ್ರತಿ ವರ್ಣತಂತುವಿನ ಎರಡು ಎಳೆಗಳೂ ಬೇರ್ಪಟ್ಟು ನಾಲ್ಕು ಕೋಶಗಳಾಗುತ್ತವೆ.

ಇಷ್ಟಿದ್ದರೂ ರಾಗಿಯಲ್ಲಿ ಹೊಸತೇಕೆ ಹುಟ್ಟದು? ರಾಗಿಯ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಳುಕಟ್ಟುತ್ತದೆ. ತಲೆತಲಾಂತರ ಹೀಗೆ ನಡೆದ ಮೇಲೆ ಜೋಡಿಯ ಎರಡೂ ವರ್ಣತಂತುಗಳು ಒಂದೇ ಬಗೆಯವಾಗುತ್ತವೆ. ಎಲ್ಲ ಎಲೆಗಳೂ ಒಂದೇ ಆಗಿರುವ ಇಸ್ಪೀಟಿನ ಕಟ್ಟನ್ನು ಎಷ್ಟು ಕಲಸಿದರೇನು? ಉಪಾಧ್ಯಾಯರು ಕೊಡಬಾರದ ಹೋಲಿಕೆ ಇದು. ಆದರೆ ನಮಗೆ ಇದಕ್ಕಿಂತ ತಕ್ಕುದು ತೋಚಲಿಲ್ಲ.

ಆದುದರಿಂದ ಲಕ್ಷ್ಮಣಯ್ಯನವರು ಬೇರೆ ಬೇರೆ ತಳಿಗಳನ್ನು ಕೂಡಿಸಹೊರಟರು. ರಾಗಿಯ ಹೂವೋ ಅತಿ ಸಣ್ಣದು. ಅದರ ಕೇಸರಗಳನ್ನು ಬೇರ್ಪಡಿಸುವುದು ಕಣ್ಣಿಗೂ ಬೆರಳಿಗೂ ಪರೀಕ್ಷೆಯೇ. ಎರಡು ಗಿಡಗಳ ತೆನೆಗಳನ್ನು ತಾಗಿಸಿ ಕಟ್ಟುವುದು ತಳಿಗಾರರ ಹಳೆಯ ಉಪಾಯ. ಅದರಲ್ಲಿಯೂ ನಿಜವಾಗಿ ಸಂಕರವಾಗುವ ಕಾಳುಗಳು ಬಹಳ ಕಡಮೆ. 1951ರಿಂದ 1964ರವರೆಗೆ ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ರೈತರಿಗೆ ನೀಡಿದರು.

ಅನಂತರ ಅವರ ದೃಷ್ಟಿ ರಾಗಿಯ ತವರಾದ ಆಫ್ರಿಕಾದ ಕಡೆಗೆ ಹರಿಯಿತು. ಅಲ್ಲಿಯ ತಳಿಗಳಿಗೆ ದಪ್ಪ ತೆನೆ, ಗಟ್ಟಿ ಕಾಂಡ. ಆದರೆ ಮಾಗಲು ಬಹುಕಾಲ ಬೇಕು. ಅವನ್ನು ನಮ್ಮ ತಳಿಗಳೊಡನೆ ಕೂಡಿಸಿದರು. ಇಂಥ ಸಂಕರದ ಮೊದಲ ಪೀಳಿಗೆಯ ಗಿಡಗಳೆಲ್ಲ ಹೆಚ್ಚುಕಡಮೆ ಒಂದೇ ತೆರನಾಗಿರುತ್ತವೆ. ಅವಸರದವರಿಗೆ ನಿರಾಶೆಯೇ ಸರಿ. ಆ ಗಿಡಗಳ ಹೂವಿನಲ್ಲಿ ಮಿಯಾಸಿಸ್ ನಡೆದಾಗ ಮಾತ್ರ ಎರಡು ಖಂಡಗಳ ವರ್ಣತಂತುಗಳು ಕಲಸಿಹೋಗುತ್ತವೆ. ಮುಂದಿನ ಪೀಳಿಗೆಯಲ್ಲಿ ಗಿಡ್ಡ, ಉದ್ದ, ಬೇಗ ಮಾಗುವವು, ತಡವಾಗಿ ಮಾಗುವವು, ಜೊಳ್ಳು, ಗಟ್ಟಿ ಎಲ್ಲವೂ ತಲೆಯೆತ್ತುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪಯುಕ್ತ. ಬೇಕಾದವನ್ನು ಆರಿಸಿ, ಗುಣಗಳು ಸ್ಥಿರವಾಗುವ ತನಕ ವರ್ಷ ವರ್ಷವೂ ಬಿತ್ತಿ ನೋಡಬೇಕು. ಹೀಗೆ ಬಂದವೇ ಇಂಡಾಫ್ ತಳಿಗಳು; ಇಂಡಿಯಾ, ಆಫ್ರಿಕಾ ಎರಡರ ಹೆಸರೂ ಅದರಲ್ಲಿ ಬೆರೆತಿದೆ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಜನರು ಅವರ ಹೆಸರಿನ ಹಿಂದೆ ರಾಗಿಯನ್ನು ಸೇರಿಸಿಬಿಟ್ಟಿದ್ದರು. ನಮ್ಮ ನಗರದ ಹೊರವಲಯದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಬೀಜಭಂಡಾರದಲ್ಲಿ ಇಂದಿಗೂ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ತಣ್ಣನೆಯ ಕೋಣೆಗಳಲ್ಲಿ ಕಾಪಾಡಿಡಲಾಗಿದೆ.